ತಲೆ ಕತ್ತರಿಸಿದ ಹಾಳೆಗಳು

ಅಲೆಕ್ಸಾಂಡ್ರಿಯಾ, ನಮ್ಮ ಮನೆಯಿಂದ
ಶುಕ್ರವಾರ, ೯ ಡಿಸೆಂಬರ್ ೨೦೦೫

ಪ್ರೀತಿಯ ಅಮ್ಮಾ,

ನಿನ್ನ ಮಂಡಿ ಹೇಗಿದೆ? ಅಸ್ವಾನಿನ ಒಣ ಬಿಸಿಲಿಗೆ ನೋವು ಇಳಿದಿರಬೇಕು ಅಂದುಕೊಂಡಿದ್ದೇನೆ. ಇನ್ಸಾಫ್ ದೊಡ್ಡಮ್ಮ ಈಗ ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಾರಂತೆ, ಅವರ ಮಗ ಸಫ್ವತ್ ಹೇಳಿದ. ಸೊಂಟದ ಮೂಳೆ ಪೂರ್ತಿ ಕೂಡಿಕೊಳ್ಳುವವರೆಗೆ ಅವರನ್ನು ನೆಲದ ಮೇಲೆ ಕೂರಲು ಬಿಡಬೇಡ. ಅವರು ನಿನ್ನ ಮಾತು ಕೇಳುವವರಲ್ಲ, ಆದರೂ ಗದರಿಸು. ಇಲ್ಲಿ ಕಾಸಿಮ್ ಬಿರುಗಾಳಿ ಇನ್ನೂ ಹಟ ಬಿಟ್ಟಿಲ್ಲ. ಸಮುದ್ರ ಕಾರ್ನಿಷ್ ರಸ್ತೆಯನ್ನೂ ದಾಟಿ ಬಂದು ಅಂಗಡಿಗಳ ಬಾಗಿಲು ತೊಳೆಯುತ್ತಿದೆ. ನಿನ್ನ ಕಾಮಕಸ್ತೂರಿ ಕುಂಡಗಳನ್ನು ಒಳಗೆ ತಂದಿಟ್ಟಿದ್ದೇನೆ, ಉಪ್ಪು ಗಾಳಿಗೆ ಎಲೆ ಕಪ್ಪಾಗತೊಡಗಿತ್ತು. ಸಫ್ವತ್ ಬಂದರಿನ ಕೆಲಸ ಮುಗಿಸಿ ಇವತ್ತೇ ರೈಲು ಹತ್ತುತ್ತಾನೆ. ಅವನ ಕೈಯಲ್ಲಿ ನಿನ್ನ ಶಾಲು, ದೊಡ್ಡಮ್ಮನಿಗೆ ಹಲ್ವಾ, ಮತ್ತು ಈ ಪತ್ರ. ಇಷ್ಟು ದಿನ ಫೋನಿನಲ್ಲಿ "ಎಲ್ಲ ಸರಿಯಿದೆ, ಚಳಿ ಅಷ್ಟೆ" ಎಂದು ಹೇಳುತ್ತಾ ಬಂದೆ. ದೊಡ್ಡಮ್ಮನ ಮನೆಯ ಫೋನು ನಡುಮನೆಯಲ್ಲಿದೆ, ಅಲ್ಲಿ ಯಾವಾಗಲೂ ಹತ್ತು ಜನ. ನೀನು "ಏನಾಯ್ತೇ?" ಅಂದರೆ ಎಲ್ಲರ ಕಿವಿ ಇತ್ತ ತಿರುಗುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ. ಒಬ್ಬಳೇ ಕೂತು ಓದು, ಅಮ್ಮಾ. ಓದಿದ ಮೇಲೆ ನೀರು ಕುಡಿ.

ರಂಜಾನಿಗೆ ಮೊದಲೇ ನಮ್ಮ ಮೆಡಿಕಲ್ ಕಾಲೇಜಿನ ಡೀನ್ ಡಾ. ಫುಆದ್ ನನಗೊಂದು ಕೆಲಸ ವಹಿಸಿದ್ದು ನಿನಗೆ ಗೊತ್ತು. ಕೈರೋದಿಂದ ಪರಿಶೀಲನಾ ತಂಡ ಬರುವುದಿತ್ತು. ಅವರ ಮುಂದೆ ಇಡಲು ಕಾಲೇಜಿನಲ್ಲಿ ಕಲಿಯುವ ವಾತಾವರಣ ಹೇಗಿದೆ ಎಂದು ಅಳೆದು ಒಂದು ಅಂಕ ಕೊಡಬೇಕು. ನೀನು ಆಗ ನಕ್ಕು, "ವಾತಾವರಣಾನ ಹೇಗೆ ಅಳೀತೀರೇ, ಥರ್ಮಾಮೀಟರ್ ಇಡ್ತೀರಾ?" ಎಂದು ಕೇಳಿದ್ದೆ. ಥರ್ಮಾಮೀಟರೇ ಅನ್ನು. ಐವತ್ತು ವಾಕ್ಯಗಳಿರುವ ಒಂದು ಹಾಳೆ. ಮನಸ್ಸಿಗೆ ಬಂದ ಪ್ರಶ್ನೆಯನ್ನು ಇಲ್ಲಿ ಕೇಳಬಹುದು, ತಪ್ಪು ಮಾಡಿದರೆ ಶಿಕ್ಷಕರು ತಿದ್ದುತ್ತಾರೆ, ಕಷ್ಟ ಬಂದರೆ ಹೇಳಿಕೊಳ್ಳಲು ಯಾರಾದರೂ ಇದ್ದಾರೆ, ಹೀಗೆ. ಪ್ರತಿ ವಾಕ್ಯದ ಎದುರು ಪೂರ್ತಿ ಒಪ್ಪುತ್ತೇನೆ ಎಂಬಲ್ಲಿಂದ ಒಪ್ಪುವುದೇ ಇಲ್ಲ ಎಂಬವರೆಗೆ ಐದು ಚೌಕ, ನಾಲ್ಕು ಅಂಕದಿಂದ ಸೊನ್ನೆಯವರೆಗೆ. ವಿದ್ಯಾರ್ಥಿ ಗುರುತು ಹಾಕಿದರೆ ಸಾಕು, ಒಂದಕ್ಷರ ಬರೆಯಬೇಕಿಲ್ಲ. ಎಲ್ಲ ಕೂಡಿಸಿದರೆ ಇನ್ನೂರಕ್ಕೆ ಇಷ್ಟು ಎಂದು ಬರುತ್ತದೆ. ನಡುನಡುವೆ ಕೆಲವು ವಾಕ್ಯ ಬೇಕೆಂದೇ ತಿರುಗುಮುರುಗಾಗಿ ಇರುತ್ತವೆ: 'ಶಿಕ್ಷಕರು ವಿದ್ಯಾರ್ಥಿಗಳನ್ನು ಎಲ್ಲರೆದುರು ಅವಮಾನಿಸುತ್ತಾರೆ' ಎಂಬಂಥವು. ಅದಕ್ಕೆ ಪೂರ್ತಿ ಒಪ್ಪುತ್ತೇನೆ ಅಂದರೆ ಸೊನ್ನೆ. ಓದದೆ ಗೀಚುವವರು ಅಲ್ಲಿ ಸಿಕ್ಕಿಬೀಳುತ್ತಾರೆ.

ಹಬ್ಬ ಕಳೆದ ಮೇಲೆ ತರಗತಿಯಿಂದ ತರಗತಿಗೆ ಹೋಗಿ ಹಾಳೆ ಹಂಚಿದೆ. ಪ್ರತಿ ಕಡೆಯೂ ನಿಂತು ಹೇಳಿದೆ: "ಹೆಸರು ಬೇಡ. ಯಾರು ಏನು ಹಾಕಿದ್ರು ಅಂತ ನನಗೂ ಗೊತ್ತಾಗಲ್ಲ, ಬೇರೆ ಯಾರಿಗೂ ಗೊತ್ತಾಗಲ್ಲ. ಇದು ನನ್ನ ಮಾತು." ಶಸ್ತ್ರಚಿಕಿತ್ಸೆ ವಿಭಾಗದಲ್ಲಿದ್ದ ಗುಂಪಿನ ಮುಂದೆ ಹೇಳುವಾಗ ನಮ್ಮ ಲುಬ್ನಾ ಕೊನೆಯ ಬೆಂಚಿನಲ್ಲಿ ಕೂತಿದ್ದಳು, ನನ್ನ ಮುಖ ನೋಡಲಿಲ್ಲ. ಅಕ್ಕನೇ ಪಾಠಕ್ಕೆ ನಿಂತರೆ ನಾಚಿಕೆಯಾಗುತ್ತದಲ್ಲ, ಅದಕ್ಕೇ ಅಂದುಕೊಂಡೆ.

ಎಲ್ಲ ಕೂಡಿಸಿದಾಗ ಕಾಲೇಜು ಒಟ್ಟಾರೆ ಪರವಾಗಿಲ್ಲ ಎನ್ನುವಷ್ಟಿತ್ತು. ಶಸ್ತ್ರಚಿಕಿತ್ಸೆಯ ಗುಂಪಿನದು ಮಾತ್ರ ಎಪ್ಪತ್ತನ್ನೂ ಮುಟ್ಟಲಿಲ್ಲ. ನಾನು ತಪ್ಪಾಗಿ ಕೂಡಿಸಿದೆನೆಂದು ಮತ್ತೆ ಕೂಡಿಸಿದೆ. ಪ್ರಶ್ನೆ ಕೇಳಬಹುದೇ ಎಂಬಲ್ಲಿ ಹೆಚ್ಚುಕಡಿಮೆ ಎಲ್ಲರದೂ ಸೊನ್ನೆ. ಆ ವಿಭಾಗದ ಮುಖ್ಯಸ್ಥರು ಡಾ. ಖುರ್ಷಿದ್. ಅವರ ಕೈಯನ್ನು ಊರೆಲ್ಲ ಹೊಗಳುತ್ತದೆ. ಅಪ್ಪನ ಪಿತ್ತಕೋಶ ತೆಗೆದದ್ದೂ ಅವರೇ, ನೀನು ಅವರಿಗೆ ತುಪ್ಪದ ಫತೀರ್ ರೊಟ್ಟಿ ಮಾಡಿ ಕಳಿಸಿದ್ದೆ. ಆ ಕೈಗೆ ಇನ್ನೊಂದು ಕೆಲಸವೂ ಗೊತ್ತು ಎಂದು ನನಗೆ ತಿಳಿದಿರಲಿಲ್ಲ. ವಾರ್ಡಿನಲ್ಲಿ ಒಬ್ಬೊಬ್ಬರಿಗೂ ಅಡ್ಡಹೆಸರಿಟ್ಟು ರೋಗಿಗಳ ಮುಂದೆಯೇ ಕರೆಯುತ್ತಾರಂತೆ. ರಾಂದಾ ಎಂಬ ಹುಡುಗಿ, ತಾಯಿ ತೀರಿಕೊಂಡದ್ದರಿಂದ ಎರಡು ವರ್ಷ ಓದು ಬಿಟ್ಟು ಬಂದವಳು, ಅವಳು 'ಅಜ್ಜಿ'. ನಮ್ಮ ಲುಬ್ನಾ 'ನಡುಕಲಿ'.

ನಾನು ಆ ಅಂಕವನ್ನು ಡೀನ್‌ಗೆ ಕೊಟ್ಟ ಮರುದಿನ ಅವರ ಕೋಣೆಗೆ ಕರೆ ಬಂತು. ಡಾ. ಖುರ್ಷಿದ್ ಕಾಫಿ ಕುಡಿಯುತ್ತಾ ಕೂತಿದ್ದರು. ಕೂಗಾಡುತ್ತಾರೆಂದು ಹೆದರಿ ಹೋಗಿದ್ದೆ. ಅವರು ಎದ್ದು ನಿಂತು ಕುರ್ಚಿ ತೋರಿಸಿದರು. ಅದು ಇನ್ನೂ ಹೆದರಿಸಿತು. "ಮೂಲ ಹಾಳೆಗಳನ್ನ ತಂದುಕೊಡಿ ಡಾಕ್ಟರ್ ನಾಹಿದ್. ನಾನೇ ಕೂತು ಓದ್ತೀನಿ, ತಿದ್ದಿಕೋಬೇಕಲ್ಲ ನಾವೂ," ಎಂದರು. ಹೆಸರಿಲ್ಲವಲ್ಲ ಎಂದೆ. ಅವರು ನಕ್ಕರು. "ಹೆಸರು ಯಾಕೆ? ಮೇಲ್ಗಡೆ ವಯಸ್ಸು ಇದೆ, ಗಂಡೋ ಹೆಣ್ಣೋ ಇದೆ, ಊರು ಇದೆ. ನನ್ನ ಗುಂಪಿನಲ್ಲಿ ಹುಡುಗೀರು ಎಷ್ಟು ಜನ, ಹೇಳಿ ನೋಡೋಣ." ಅಮ್ಮಾ, ಅಂಕಿಸಂಖ್ಯೆ ಕಲಿತವಳು ನಾನು, ನನಗೇ ಹೊಳೆದಿರಲಿಲ್ಲ. ಇಪ್ಪತ್ತೈದು ವಯಸ್ಸಿನ ಹುಡುಗಿ, ಊರು ರಶೀದ್ ಎಂದರೆ ರಾಂದಾ ಒಬ್ಬಳೇ. ಇಪ್ಪತ್ತೆರಡು, ಅಲೆಕ್ಸಾಂಡ್ರಿಯಾ ಎಂದರೆ ಇಬ್ಬರು, ಅದರಲ್ಲೊಬ್ಬಳು ನಮ್ಮವಳು. ನಾನು ಕೊಟ್ಟ ಮಾತು ಕಾಗದಕ್ಕಿಂತ ತೆಳುವಾಗಿತ್ತು. ನಾನು ಏಳುವಾಗ ಅವರು ಬಾಗಿಲವರೆಗೆ ಬಂದರು. "ನಿಮ್ಮ ತಂಗಿ ನಮ್ಮಲ್ಲೇ ಇದಾಳಲ್ಲ? ಒಳ್ಳೆ ಮನೆ ಹುಡುಗಿ. ಕೈ ಸ್ವಲ್ಪ ನಡುಗುತ್ತೆ, ಅಷ್ಟೆ. ಮೌಖಿಕ ಪರೀಕ್ಷೆಗೆ ಧೈರ್ಯವಾಗಿ ಬರೋಕೆ ಹೇಳಿ," ಎಂದರು. ಆ ಪರೀಕ್ಷೆಯಲ್ಲಿ ಪಾಸು, ಫೇಲು ಎರಡೂ ಅವರೊಬ್ಬರ ನಾಲಿಗೆಯ ಮೇಲೆ.

ಹಾಳೆಗಳು ನನ್ನ ಕಪಾಟಿನಲ್ಲಿದ್ದವು. ಅವನ್ನು ಚೀಲಕ್ಕೆ ತುಂಬಿಕೊಂಡು ಟ್ರಾಮ್ ಹತ್ತಿದೆ. ಪಕ್ಕದಲ್ಲಿ ಕೂತವರೆಲ್ಲ ನನ್ನ ಚೀಲವನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಸುಟ್ಟುಬಿಡಲೇ ಎಂದು ಮೊದಲು ಯೋಚಿಸಿದೆ. ಸುಟ್ಟರೆ ಮಕ್ಕಳು ಉಳಿಯುತ್ತಾರೆ, ಆದರೆ ಅವರು ಹೇಳಿದ್ದು ಸತ್ತುಹೋಗುತ್ತದೆ. ಕೊಟ್ಟರೆ ಮಾತು ಉಳಿಯುತ್ತದೆ, ಮಕ್ಕಳು ಉಳಿಯುವುದಿಲ್ಲ. ಮನೆಗೆ ಬಂದವಳೇ ನಿನ್ನ ಹೊಲಿಗೆ ಪೆಟ್ಟಿಗೆಯ ದೊಡ್ಡ ಕತ್ತರಿ ತೆಗೆದುಕೊಂಡೆ. ಅಡುಗೆಮನೆಯ ಮೇಜಿನ ಮೇಲೆ ಒಂದೊಂದೇ ಹಾಳೆಯ ತಲೆ ಕತ್ತರಿಸಿದೆ: ವಯಸ್ಸು, ಊರು, ಗಂಡು, ಹೆಣ್ಣು. ಕೆಳಗಿನ ಐವತ್ತು ವಾಕ್ಯಗಳನ್ನು ಹಾಗೇ ಇಟ್ಟೆ. ಅರ್ಧ ಮುಗಿದಿರುವಾಗ ಲುಬ್ನಾ ಬಂದಳು. ಬಾಗಿಲಲ್ಲೇ ನಿಂತು ನೋಡಿದಳು. ಇನ್ನೊಂದು ಕತ್ತರಿ ತಂದು ಎದುರು ಕೂತಳು. ಚೂರುಗಳನ್ನೆಲ್ಲ ಸೇರಿಸಿ ಒಲೆಯ ಮೇಲೆ ಹಳೆಯ ಬಾಣಲೆಯಲ್ಲಿ ಸುಟ್ಟೆವು. ನೀನು ಮುಲೂಖಿಯ ಸೊಪ್ಪು ಬೇಯಿಸುವ ಬಾಣಲೆಯೇ, ಅಮ್ಮಾ, ಕ್ಷಮಿಸು, ಉಜ್ಜಿದರೂ ಮಸಿ ಹೋಗಿಲ್ಲ. ಅವಳು ಉರಿ ನೋಡುತ್ತಾ ಒಂದೇ ಮಾತು ಹೇಳಿದಳು: "ಅಕ್ಕಾ, ಅವ್ರಿಗೆ ಹೇಗಾದ್ರೂ ಗೊತ್ತಾಗುತ್ತೆ."

ತಲೆಯಿಲ್ಲದ ಹಾಳೆಗಳನ್ನು ಮೇಜಿನ ಮೇಲಿಟ್ಟಾಗ ಡೀನ್ ಬಿಳುಚಿಕೊಂಡರು. ಅವರು ಕೆಟ್ಟವರಲ್ಲ, ಹೆದರಿದವರು; ಹೆದರಿದವರ ಕೈಯಲ್ಲಿ ಅಧಿಕಾರವಿದ್ದರೆ ಏನಾಗುತ್ತದೆಂದು ಈಗ ಕಂಡೆ. ಡಾ. ಖುರ್ಷಿದ್ ಒಂದು ಹಾಳೆ ಎತ್ತಿ, ಬೆಳಕಿಗೆ ಹಿಡಿದು, ಕೆಳಗಿಟ್ಟರು. "ಇದನ್ನ ಯಾರು ಬೇಕಾದ್ರೂ ತುಂಬಿರಬಹುದು. ಅಕ್ಕ ತುಂಬಿರಬಹುದು, ತಂಗಿ ತುಂಬಿರಬಹುದು," ಎಂದರು. ಆ ಗುಂಪಿನದು ಮತ್ತೊಮ್ಮೆ ಅಳತೆಯಾಗಬೇಕು, ಈ ಸಲ ಹೆಸರು ಬರೆದು, ಎಂದು ಅಲ್ಲೇ ತೀರ್ಮಾನವಾಯಿತು. ಎರಡನೇ ಸಲ ಹಾಳೆ ಹಂಚಿದ್ದು ನಾನಲ್ಲ, ಅವರ ಸಹಾಯಕರು. ಬೆಂಚುಗಳ ನಡುವೆ ಡಾ. ಖುರ್ಷಿದ್ ತಾವೇ ಓಡಾಡುತ್ತಿದ್ದರಂತೆ. ಸಂಜೆ ಡೀನ್ ಆಫೀಸಿನ ಗುಮಾಸ್ತ ಲೆಕ್ಕ ಹಾಕಿ ಸಂತೋಷದಿಂದ ಬಂದ: ಇನ್ನೂರಕ್ಕೆ ಇನ್ನೂರು! ಪ್ರತಿಯೊಬ್ಬರದೂ! ನಾನು ಹಾಳೆ ತಿರುವಿ ನೋಡಿದೆ. ಅಷ್ಟೂ ಜನ, ಮೇಲಿಂದ ಕೆಳಗಿನವರೆಗೆ, ಪೆನ್ನು ಎತ್ತದೆ, ಪೂರ್ತಿ ಒಪ್ಪುತ್ತೇನೆ ಎಂದೇ ಗುರುತು ಹಾಕಿದ್ದರು. ಪ್ರಶ್ನೆ ಕೇಳಬಹುದು, ಪೂರ್ತಿ ಒಪ್ಪುತ್ತೇನೆ. ಎಲ್ಲರೆದುರು ಅವಮಾನಿಸುತ್ತಾರೆ, ಪೂರ್ತಿ ಒಪ್ಪುತ್ತೇನೆ. ಶಿಕ್ಷಕರೆಂದರೆ ನಡುಗುತ್ತೇನೆ, ಪೂರ್ತಿ ಒಪ್ಪುತ್ತೇನೆ. ಗುಮಾಸ್ತ ಓದದೆ, ತಿರುಗುಮುರುಗು ವಾಕ್ಯಗಳಿಗೂ ನಾಲ್ಕು ನಾಲ್ಕು ಕೊಟ್ಟು ಕೂಡಿಸಿದ್ದ. ಹುಡುಗರೂ ಓದದೆ ಹಾಕಿದರೋ, ಓದಿಯೇ ಹಾಕಿದರೋ, ಲುಬ್ನಾಳನ್ನು ಕೇಳಿದರೆ ಈವತ್ತಿಗೂ ಹೇಳುವುದಿಲ್ಲ. "ಕಣ್ಣಿಗೆ ಅಕ್ಷರಾನೇ ಕಾಣ್ತಿರ್ಲಿಲ್ಲ ಅಕ್ಕಾ," ಅನ್ನುತ್ತಾಳೆ. ನಾನು ಗುಮಾಸ್ತನಿಗೆ ತಪ್ಪು ತೋರಿಸಲಿಲ್ಲ. ಆ ಹಾಳೆಗಳು ಹಾಗೆಯೇ ಪರಿಶೀಲನಾ ಕಡತಕ್ಕೆ ಸೇರಿದವು.

ತಂಡ ಬಂದದ್ದು ಕಳೆದ ಶನಿವಾರ. ಮುಖ್ಯಸ್ಥೆ ಡಾ. ವಿದಾದ್ ಎಂಬ ವಯಸ್ಸಾದ ಹೆಂಗಸು, ಸೀಸೆಯ ತಳದಷ್ಟು ದಪ್ಪ ಗಾಜಿನ ಕನ್ನಡಕ, ಪ್ರತಿ ಹಾಳೆಯ ಹತ್ತಿರ ಮೂಗು ತಂದು ಓದುತ್ತಿದ್ದರು. ಊಟಕ್ಕೆ ಡೀನ್ ಕಬಾಬ್ ತರಿಸಿದ್ದರು, ಅವರು ಮುಟ್ಟಲಿಲ್ಲ. ನಾಲ್ಕೈದು ಹಾಳೆ ತಿರುವಿದ ಮೇಲೆ ಕನ್ನಡಕ ತೆಗೆದು ಒರೆಸಿದರು. "ಇಷ್ಟು ಸುಖವಾಗಿರೋ ಮಕ್ಕಳನ್ನ ನಾನು ಎಲ್ಲೂ ನೋಡಿಲ್ಲ. ಅವಮಾನ ಆಗುತ್ತೆ ಅಂತಾನೂ ಸುಖವಾಗಿ ಒಪ್ಕೊಂಡಿದಾರೆ," ಎಂದರು. ಆಮೇಲೆ ನನ್ನ ಕಡೆ ತಿರುಗಿದರು: "ಮಗಳೇ, ಅಳತೆ ಮಾಡಿದವಳು ನೀನಲ್ವಾ? ಇದಕ್ಕೆ ಮುಂಚೆ ಇನ್ನೊಂದು ಆಗಿತ್ತಾ?" ಡೀನ್ ನನ್ನನ್ನೇ ನೋಡುತ್ತಿದ್ದರು. ಡಾ. ಖುರ್ಷಿದ್ ನೋಡಲೂ ಇಲ್ಲ, ಕಿಟಕಿಯಾಚೆ ಕಣ್ಣಿಟ್ಟು ಬೆರಳಿನಿಂದ ಮೇಜು ತಟ್ಟುತ್ತಿದ್ದರು. ಇಲ್ಲ ಅಂದುಬಿಡು, ಇಲ್ಲ ಅಂದುಬಿಡು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಬಾಯಿ ತೆರೆದಾಗ ಬಂದದ್ದು, "ಆಗಿತ್ತು ಮೇಡಂ." ಧೈರ್ಯದಿಂದ ಹೇಳಿದೆ ಎಂದುಕೊಳ್ಳಬೇಡ. ಸುಳ್ಳು ಹೇಳಲು ಬೇಕಾದಷ್ಟು ದನಿಯೂ ನನ್ನಲ್ಲಿ ಉಳಿದಿರಲಿಲ್ಲ.

ಅವರು ಮೊದಲಿನ ಹಾಳೆಗಳನ್ನು ತರಿಸಿಕೊಂಡರು. ಆಮೇಲೆ ಶಿಕ್ಷಕರನ್ನೆಲ್ಲ ಹೊರಗೆ ಕಳಿಸಿ ಆ ಗುಂಪನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ನಾವು ಮೊಗಸಾಲೆಯಲ್ಲಿ ನಿಂತೆವು, ಎಲ್ಲರೂ ಒಂದು ಕಡೆ, ನಾನು ಒಂದು ಕಡೆ. ಒಳಗೆ ನಡೆದದ್ದನ್ನು ಲುಬ್ನಾ ಮನೆಗೆ ಬರುವಾಗ ಟ್ರಾಮಿನಲ್ಲಿ ನನಗೆ ಹೇಳಿದಳು. ಮೊದಲು ಯಾರೂ ಬಾಯಿ ಬಿಡಲಿಲ್ಲವಂತೆ. ಡಾ. ವಿದಾದ್ ಏನೂ ಕೇಳದೆ ಚೀಲದಿಂದ ಕಿತ್ತಳೆ ತೆಗೆದು ಸುಲಿಯುತ್ತಾ ಕೂತರಂತೆ. ಕೊನೆಗೆ ಎದ್ದವಳು ನಮ್ಮ ಲುಬ್ನಾ. ನಡುಗುವ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ವಾರ್ಡಿಗೆ ಸೇರಿದ್ದ ಅಬೂ ಕೀರ್ ಊರಿನ ಬೆಸ್ತನೊಬ್ಬನ ಕಥೆ ಹೇಳಿದಳಂತೆ. ಆ ಬೆಸ್ತನ ವಿವರ ಬರೆದುಕೊಂಡವಳು ಅವಳೇ. ಪೆನ್ಸಿಲಿನ್ ತನಗೆ ಆಗುವುದಿಲ್ಲ, ಚಿಕ್ಕವನಿದ್ದಾಗ ಅದರಿಂದ ಸತ್ತೇಹೋಗುತ್ತಿದ್ದೆ ಎಂದು ಅವನು ಅವಳಿಗೆ ಹೇಳಿದ್ದ. ವಾರ್ಡಿನ ಸುತ್ತಿನಲ್ಲಿ ಡಾ. ಖುರ್ಷಿದ್ ಅದೇ ಇಂಜೆಕ್ಷನ್ ಕೊಡಲು ಹೇಳಿದರು. ಇವಳು "ಸರ್..." ಎಂದಳು. "ಏನು, ನಡುಕಲಿಗೂ ಬಾಯಿ ಬಂತಾ?" ಎಂದರು ಅವರು, ಎಲ್ಲರೂ ನಕ್ಕರು. ಇವಳು ಬಾಯಿ ಮುಚ್ಚಿದಳು. ಕಾಲು ಗಂಟೆಯಲ್ಲಿ ಬೆಸ್ತನ ಮುಖ ಊದಿ ಉಸಿರು ನಿಲ್ಲತೊಡಗಿತು. ನರ್ಸ್ ಓಡಿ ಬಂದು, ಅರಿವಳಿಕೆಯವರು ಓಡಿ ಬಂದು, ಹೇಗೋ ಉಳಿಸಿಕೊಂಡರು. "ನನಗೆ ಗೊತ್ತಿತ್ತು ಮೇಡಂ. ಗೊತ್ತಿದ್ದೂ ಹೇಳ್ಲಿಲ್ಲ. ಅವನು ಸತ್ತಿದ್ರೆ ನಾನೇ ಕೊಂದ ಹಾಗೆ," ಎಂದಳಂತೆ. ಟ್ರಾಮಿನಲ್ಲಿ ನನಗದನ್ನು ಹೇಳುವಾಗ ಅಳಲಿಲ್ಲ. ನಾನು ಅತ್ತೆ. ಒಬ್ಬ ಮುದುಕ ತನ್ನ ಕರವಸ್ತ್ರ ಕೊಟ್ಟ, "ಯಾರು ಹೋದ್ರು ತಾಯಿ?" ಎಂದು ಕೇಳಿದ. ಯಾರೂ ಹೋಗಿಲ್ಲ ಎಂದು ಹೇಳಬೇಕಾದರೆ ನನಗೆ ಸಾಕುಬೇಕಾಯಿತು.

ಅವಳ ನಂತರ ಒಬ್ಬೊಬ್ಬರಾಗಿ ಎದ್ದರಂತೆ. ಬುಧವಾರದ ಮೌಖಿಕ ಪರೀಕ್ಷೆಗೆ ತಾಂತಾದಿಂದ ಇಬ್ಬರು ಹೊರಗಿನ ಪರೀಕ್ಷಕರು ಬಂದರು, ಡಾ. ವಿದಾದ್ ಕೈರೋದಿಂದಲೇ ಕಳಿಸಿದ್ದು. ಡಾ. ಖುರ್ಷಿದ್ ಪಕ್ಕದಲ್ಲಿ ಕೂತು ಒಂದೂ ಪ್ರಶ್ನೆ ಕೇಳಲಿಲ್ಲವಂತೆ. ಲುಬ್ನಾಳ ದನಿ ಎರಡು ಸಲ ನಿಂತುಹೋಯಿತು. ಪರೀಕ್ಷಕರು ನೀರು ಕೊಟ್ಟು, "ನಿಧಾನ, ಅವಸರ ಇಲ್ಲ," ಎಂದರು. ಪಾಸಾಗಿದ್ದಾಳೆ ಅಮ್ಮಾ. ದೊಡ್ಡ ಅಂಕವೇನಲ್ಲ, ಸಾಧಾರಣ. ಮನೆಗೆ ಬಂದು ಎರಡು ತಟ್ಟೆ ಕುಶರಿ ತಿಂದು ಮಲಗಿದವಳು ಮರುದಿನ ಮಧ್ಯಾಹ್ನ ಎದ್ದಳು. ಆದರೆ ರಾಂದಾ ಪರೀಕ್ಷೆಗೆ ಬರಲಿಲ್ಲ. ಹೆಸರು ಕೂಗಿದರು, ಬರಲಿಲ್ಲ. ಅವಳ ಫೋನು ಬಂದ್ ಆಗಿತ್ತು. ನಿನ್ನೆ ಬೆಳಿಗ್ಗೆ ನಾನೇ ಮಿನಿಬಸ್ ಹಿಡಿದು ರಶೀದ್‌ಗೆ ಹೋದೆ. ಅವಳ ಚಿಕ್ಕಪ್ಪ ಬಾಗಿಲು ಅರ್ಧ ತೆರೆದು, "ಹುಡುಗಿ ಚೆನ್ನಾಗಿದಾಳೆ. ಓದು ಸಾಕು ಅಂತಿದಾಳೆ. ನೀವು ಬಂದಿದ್ದು ಒಳ್ಳೇದಾಯ್ತು, ಇನ್ನು ಹೋಗಿಬನ್ನಿ," ಎಂದರು. ಅವರ ಹೆಗಲ ಹಿಂದೆ ಅವಳು ನಿಂತಿದ್ದಳು. ನನಗೆ ಕೈ ಎತ್ತಿದಳು, ಬರಬೇಡಿ ಎಂದೋ, ಹೋಗಿಬನ್ನಿ ಎಂದೋ. ಸೆಪ್ಟೆಂಬರಿನಲ್ಲಿ ಮತ್ತೆ ಪರೀಕ್ಷೆಗೆ ಕೂರಬಹುದು ಎಂದು ನಾನು ಕೂಗಿ ಹೇಳಿದೆ. ಕೇಳಿಸಿತೋ ಇಲ್ಲವೋ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಅವಳ ಮುಖವೇ. ಪಾಸಾದವರ ಮಾತು ಹೇಳುವುದು ಸುಲಭ.

ಈಗ ನನಗೆ ಎಲ್ಲಕ್ಕೂ ಭಯ, ಅಮ್ಮಾ. ಲಿಫ್ಟಿನ ಬಾಗಿಲು ಬಡಿದರೆ ಭಯ. ಆಫೀಸಿನಲ್ಲಿ ಚಹಾ ತಂದುಕೊಡುವವರು ಲೋಟ ಇಟ್ಟು ಏನೂ ಮಾತಾಡದೆ ಹೋದರೆ ಭಯ. ಮೊನ್ನೆ ಮೊಗಸಾಲೆಯಲ್ಲಿ ನನ್ನ ಜೊತೆ ಓದಿದವಳೊಬ್ಬಳು ಎದುರಾದಳು, ಮೊಬೈಲ್ ನೋಡುವ ನೆಪದಲ್ಲಿ ಪಕ್ಕಕ್ಕೆ ಸರಿದಳು. ಡಾ. ಖುರ್ಷಿದ್ ಮಾತ್ರ ಎಂದಿನ ಹಾಗೆ ನಮಸ್ಕಾರ ಮಾಡುತ್ತಾರೆ, "ಅಮ್ಮ ಹೇಗಿದಾರೆ? ಅವರ ಫತೀರ್ ಮರೆತಿಲ್ಲ," ಎನ್ನುತ್ತಾರೆ. ಅವರ ವಾರ್ಡಿಗೆ ಹೊಸ ಗುಂಪು ಹೋಗುವುದು ಬರುವ ವಾರ.

ನೀನು ಗಾಬರಿಯಾಗಬೇಡ ಎಂದು ಬರೆಯಬೇಕು, ಬರೆಯಲು ಆಗುತ್ತಿಲ್ಲ. ದೊಡ್ಡಮ್ಮನ ಕಾಲಿಗೆ ನನ್ನ ಮುತ್ತು. ಅವರಿಗೆ ಇದೇನೂ ಹೇಳಬೇಡ. ಇಲ್ಲವಾದರೆ ನಮ್ಮ ಡೀನ್ ಕೈಗೆ ಸಿಗದೆ ಅಸ್ವಾನಿನ ಡೀನ್ ಯಾರೆಂದು ಹುಡುಕಿಸಿ ಬೈಯುತ್ತಾರೆ. ಬರುವಾಗ ಶರಬತ್ತಿಗೆ ಒಣಗಿದ ಕರ್ಕದೆ ಹೂವು ತಾ, ಇಲ್ಲಿಯದಕ್ಕೆ ಬಣ್ಣವೇ ಇಲ್ಲ. ಲುಬ್ನಾ ನಿನ್ನ ಹಾಸಿಗೆಯಲ್ಲೇ ಮಲಗುತ್ತಾಳೆ, ನಿನ್ನ ದಿಂಬಿನ ಗವಸು ಒಗೆಯಲು ಬಿಡುವುದಿಲ್ಲ. ನಮ್ಮಿಬ್ಬರ ಮೇಲೆ ನಿನ್ನ ಪ್ರಾರ್ಥನೆಯ ನೆರಳಿರಲಿ.

ನಿನ್ನ ಮಗಳು,
ನಾಹಿದ್

ವಿ.ಸೂ.: ಸಫ್ವತ್ ಕೆಳಗೆ ಟ್ಯಾಕ್ಸಿಯಲ್ಲಿ ಕೂತು ಹಾರ್ನ್ ಹೊಡೆಸುತ್ತಿದ್ದಾನೆ, ಬೇಗ ಬರೆಯುತ್ತೇನೆ. ಭಾನುವಾರ ಬೆಳಿಗ್ಗೆ ನನ್ನ ಮೇಲೆ ವಿಚಾರಣೆ ಇದೆ, ಕಾಲೇಜಿನ ದಾಖಲೆ ಹಾಳುಮಾಡಿದ್ದಕ್ಕೆ. ಲುಬ್ನಾಗೆ ಗೊತ್ತಿಲ್ಲ. ಡೀನ್ ಒಂದು ಹೇಳಿಕೆ ಬರೆದಿಟ್ಟಿದ್ದಾರೆ: ಮೊದಲಿನ ಹಾಳೆಗಳನ್ನು ನಾನೇ ಅಭ್ಯಾಸಕ್ಕೆಂದು ತುಂಬಿದ್ದೆ, ವಿದ್ಯಾರ್ಥಿಗಳು ತುಂಬಿದ್ದಲ್ಲ ಎಂದು. ಸಹಿ ಹಾಕಿದರೆ ವಿಚಾರಣೆ ಇಲ್ಲ, ಕೆಲಸ ಉಳಿಯುತ್ತದೆ, ಕೈರೋದ ವರದಿಯಿಂದ ಆ ವಿಭಾಗದ ಮಾತು ಹೋಗುತ್ತದೆ. ಹಾಕುವುದಿಲ್ಲ ಎಂದು ಹೇಳಿ ಬಂದಿದ್ದೇನೆ. ನಾಳೆ ಮಧ್ಯಾಹ್ನ ಫೋನ್ ಮಾಡು, ದೊಡ್ಡಮ್ಮನ ಕೋಲಿನ ವಿಷಯ, ಅಲ್ಲಿಯ ಬಿಸಿಲಿನ ವಿಷಯ, ಏನಾದರೂ ಮಾತಾಡು. ಸಹಿ ಹಾಕಿಬಿಡು ಅಂತ ಮಾತ್ರ ಹೇಳಬೇಡ ಅಮ್ಮಾ. ನೀನು ಹೇಳಿದರೆ ಹಾಕಿಬಿಡುತ್ತೇನೆ.